ಗೆಳೆಯನಿಗೆ ಬಂದ ಕಾಗದ

ಕೇಳುಗರಿಗೆ ನಮಸ್ಕಾರ. ಯುದ್ಧಭೂಮಿಯಿಂದ ಸೈನಿಕ ಮನೆಗೆ ಬರೆದ ಕಾಗದಗಳನ್ನು ಕಾಸರಗೋಡಿನ ಕಡೆಯ ಮನೆಗಳಲ್ಲೂ ಜೋಪಾನ ಮಾಡಿದವರಿದ್ದಾರೆ. ಆದರೆ ಅದೇ ಸೈನಿಕ ಊರಿನ ಗೆಳೆಯನಿಗೆ ಬರೆದದ್ದು ಸಿಗುವುದು ಅಪರೂಪ. ನನ್ನ ಆಸೆಯೆಲ್ಲ ಅದರ ಮೇಲೆಯೇ.

ತಾಯಿಗೆ ಬರೆಯುವಾಗ ಉಭಯಕುಶಲೋಪರಿ ಮುಗಿದರೆ ಕಾಗದವೇ ಮುಗಿದಂತೆ. ಕ್ಷೇಮ, ಊಟ ಚೆನ್ನಾಗಿದೆ, ಚಿಂತೆ ಬೇಡ. ಬೆರಳು ಮರಗಟ್ಟಿದ್ದು, ಪಕ್ಕದವನು ಬಿದ್ದದ್ದು, ಮನೆಯಲ್ಲಿ ಹೇಳಬೇಡ ಎಂಬ ಷರತ್ತಿನೊಂದಿಗೆ ಗೆಳೆಯನ ಪಾಲಿಗೆ. ಜೊತೆಗೆ ಊರಿನ ವಿಚಾರಣೆ ಬೇರೆ. 1999ರ ಕಾರ್ಗಿಲ್ ಯುದ್ಧವನ್ನೇ ನೋಡಿ. ದ್ರಾಸ್‌ನಲ್ಲಿ ಫಿರಂಗಿ ಮೊರೆಯುತ್ತಿದ್ದಾಗ ಇಲ್ಲಿ ಪತ್ತನಾಜೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಕಾಲ. ಜುಲೈ 26ರಂದು ಯುದ್ಧ ಮುಗಿದಾಗ ಇಲ್ಲಿ ಆಟಿ ತಿಂಗಳ ಮಳೆ, ಅಡಿಕೆ ತೋಟಕ್ಕೆ ಕೊಳೆರೋಗದ ಭಯ. ಅಂಥ ಹೊತ್ತಿನಲ್ಲಿ ಬೆಟ್ಟದ ತುದಿಯಿಂದ ಒಬ್ಬ, ಅಡಿಕೆಗೆ ಮದ್ದು ಬಿಟ್ಟಾಯಿತೇ ಎಂದು ಕೇಳಿದರೆ ಅದನ್ನು ಹರಟೆ ಎನ್ನಲಾರೆ. ಅವನಿಗೆ ಬೇಕಾದದ್ದು ಉತ್ತರ, ಹೊಗಳಿಕೆಯಲ್ಲ.

ಎಲ್ಲಿದ್ದೇನೆಂದು ಬರೆಯುವಂತಿರಲಿಲ್ಲ. ವಿಳಾಸ 56 ಎಪಿಒ, ಇಲ್ಲವೇ 99 ಎಪಿಒ, ಅಂದರೆ ಸೇನಾ ಅಂಚೆ ಕಚೇರಿಯ ಸಂಖ್ಯೆ, ಅಷ್ಟೇ. ಸೆನ್ಸಾರ್ ಹಳೆಯ ಕಾಟ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಬ್ರಿಟಿಷ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ಆಗ ಪತ್ರಗಳಲ್ಲಿ ಭಾರತೀಯ ಸಿಪಾಯಿ ಕರಿಮೆಣಸಾದ, ಬಿಳಿಯ ಸಿಪಾಯಿ ಕೆಂಪು ಮೆಣಸಾದ. ಕರಿಮೆಣಸು ಮುಗಿಯುತ್ತ ಬಂತು ಎಂದರೆ ನಮ್ಮವರು ಸಾಯುತ್ತಿದ್ದಾರೆ ಎಂದರ್ಥ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿಗಳಿಗೂ ಬೇಗ ತಿಳಿಯಿತೆನ್ನಿ. ಚೋದ್ಯವೆಂದರೆ ಆ ಪತ್ರಗಳ ಮೂಲಪ್ರತಿಗಳು ಬಹುಪಾಲು ಕಳೆದುಹೋಗಿ, ಸೆನ್ಸಾರಿನವರು ಮಾಡಿಸಿದ ಇಂಗ್ಲಿಷ್ ಅನುವಾದಗಳಷ್ಟೇ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ.

ನಮ್ಮ ಊರಿನ ಗೆಳೆಯರಿಗೆ ಬಂದದ್ದನ್ನು ಹಾಗೆ ನಕಲು ಮಾಡಿಟ್ಟವರು ಯಾರು? ಗೆಳೆಯ ತೀರಿಕೊಂಡರೆ ಅವನ ಮಕ್ಕಳಿಗೆ ಆ ಕೈಬರಹ ಯಾರದೆಂದೇ ಗೊತ್ತಿರುವುದಿಲ್ಲ. ಹಳೆಯ ಮನೆ ಕೆಡವುವಾಗ ಅಟ್ಟದ ಪೆಟ್ಟಿಗೆ ನೇರ ಬಚ್ಚಲ ಒಲೆಗೆ. ಉಳಿದದ್ದನ್ನು ಮಳೆಗಾಲದ ತೇವವೂ ಗೆದ್ದಲೂ ಮುಗಿಸುತ್ತವೆ.

ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಕೇಳುಗರ ಮನೆಯಲ್ಲಿ ಅಂಥ ಇನ್‌ಲ್ಯಾಂಡ್ ಪತ್ರವಿದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಮಡಿಕೆ ಹರಿಯದಂತೆ ಬಿಚ್ಚಿ, ಎರಡೂ ಬದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ. ಅಂಚೆ ಮುದ್ರೆಯನ್ನೂ ಸೇರಿಸಿ. ಸೇನಾ ಅಂಚೆಯ ಮುದ್ರೆಯಲ್ಲಿ ಊರಿನ ಹೆಸರು ಇರುವುದಿಲ್ಲ, ಕಚೇರಿಯ ಸಂಖ್ಯೆ ಮತ್ತು ತಾರೀಕು ಇರುತ್ತವೆ. ಬರೆದವನು ಯಾರು, ಕಾಗದ ಪಡೆದವರಿಗೆ ಏನಾಗಬೇಕು ಎಂಬುದನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡಿ. ನಮಸ್ಕಾರ.