ಖಾಲಿ ಅನ್ನುವ ಮುಳ್ಳು

ಕೇಳುಗರೇ, ನಮಸ್ಕಾರ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಒಂದು ಕಾರಿದೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಇಷ್ಟು ವರ್ಷ ದುಡಿದ ಗಾಡಿಯ ಮಾನ ಯಾಕೆ ತೆಗೆಯಬೇಕು ಅಲ್ವಾ? ಒಂದು ಮಳೆಗಾಲದಲ್ಲಿ ಅದರ ಪೆಟ್ರೋಲ್ ಮೀಟರಿನ ಮುಳ್ಳು ಕೆಳಗೆ ಮಲಗಿತು, ಮತ್ತೆ ಏಳಲೇ ಇಲ್ಲ. ಅರ್ಧ ಟ್ಯಾಂಕ್ ಇದ್ದರೂ ಖಾಲಿ, ಪೂರ್ತಿ ತುಂಬಿಸಿದರೂ ಖಾಲಿ. ಮೊದಲ ವಾರ ಗಾಬರಿ ಆಯಿತು, ಆಮೇಲೆ ಅಭ್ಯಾಸ ಆಯಿತು. ಪೆಟ್ರೋಲ್ ಹಾಕಿಸಿದ ದಿನ ಕಿಲೋಮೀಟರ್ ಬರೆದಿಟ್ಟುಕೊಂಡು, ಲೆಕ್ಕದ ಮೇಲೆ ಓಡಿಸುತ್ತಿದ್ದೆ.

ಲೆಕ್ಕ ತಪ್ಪಿದ್ದು ಶಿರಾಡಿ ಘಾಟಿಯಲ್ಲಿ. ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುತ್ತಿದ್ದೆವು. ಮುಂದೆ ಲಾರಿಗಳ ಸಾಲು, ಬರೀ ಒಂದನೇ ಗೇರು, ಎರಡನೇ ಗೇರು. ಕಾರು ಎರಡು ಸಲ ಕೆಮ್ಮಿ ನಿಂತಿತು. ಮುಳ್ಳು ನೋಡಿದರೆ ಖಾಲಿ. ಅಷ್ಟು ತಿಂಗಳಲ್ಲಿ ಅದು ನಿಜ ಹೇಳಿದ್ದು ಅವತ್ತು ಒಂದೇ ದಿನ!

ಊರಿಗೆ ಬಂದು ವರ್ಕ್‌ಶಾಪಿಗೆ ಬಿಟ್ಟೆ. ಅವರು ಡ್ಯಾಶ್‌ಬೋರ್ಡ್ ಬಿಚ್ಚಿ ಮೀಟರನ್ನೇ ಬದಲಾಯಿಸಿದರು, ಬಿಲ್ಲು ಕೊಟ್ಟರು. ಮುಳ್ಳು ಮಲಗಿದಲ್ಲೇ ಮಲಗಿತ್ತು. ಕೊನೆಗೆ ನಮ್ಮ ಬೀದಿಯ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹಿಂದಿನ ಸೀಟು ಎತ್ತಿ, ಹತ್ತೇ ನಿಮಿಷದಲ್ಲಿ ಕಾಯಿಲೆ ಹಿಡಿದರು. ಅವರು ಮಾಡಿದ್ದನ್ನೇ ಇವತ್ತು ಹೇಳುತ್ತೇನೆ.

ಟ್ಯಾಂಕಿನ ಒಳಗೆ ಒಂದು ಸಣ್ಣ ಫ್ಲೋಟ್ ಇರುತ್ತದೆ, ನೀರಿನ ತೊಟ್ಟಿಯ ಬಾಲ್‌ಕಾಕ್ ಥರಾನೇ. ಪೆಟ್ರೋಲ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದರ ಕಡ್ಡಿಯ ಇನ್ನೊಂದು ತುದಿ ರೆಸಿಸ್ಟೆನ್ಸ್ ಪಟ್ಟಿಯ, ಅಂದರೆ ಕರೆಂಟಿಗೆ ತಡೆ ಒಡ್ಡುವ ಪಟ್ಟಿಯ ಮೇಲೆ ಉಜ್ಜಿಕೊಂಡು ಓಡಾಡುತ್ತದೆ. ಇದೆಲ್ಲ ಸೇರಿದ್ದಕ್ಕೆ ಯೂನಿಟ್ ಅನ್ನುತ್ತಾರೆ. ಮೀಟರಿನಿಂದ ಬಂದ ಕರೆಂಟು ಈ ಪಟ್ಟಿ ದಾಟಿ, ಕಾರಿನ ಲೋಹದ ಮೈಗೆ, ಅಂದರೆ ಅರ್ತ್‌ಗೆ ಸೇರಬೇಕು. ನನ್ನ ಕಾರಿನಲ್ಲಿ ಕರೆಂಟು ಜಾಸ್ತಿ ಹರಿದಷ್ಟೂ ಮುಳ್ಳು ಮೇಲೇಳುತ್ತದೆ. ದಾರಿಯಲ್ಲಿ ಎಲ್ಲಿ ಕಡಿದರೂ ಖಾಲಿ.

ಎಲ್ಲಾ ಕಾರೂ ಹೀಗೇ ಅಂದುಕೊಳ್ಳಬೇಡಿ. ಅಮೆರಿಕದ ಹಳೇ ಫೋರ್ಡ್‌ಗಳಲ್ಲಿ ಟ್ಯಾಂಕ್ ಖಾಲಿ ಇದ್ದರೆ ಈ ತಡೆ 73 ಓಮ್, ತುಂಬಿದ್ದರೆ 10 ಓಮ್. ಜನರಲ್ ಮೋಟಾರ್ಸ್‌ನ ಎಷ್ಟೋ ಕಾರುಗಳಲ್ಲಿ ಉಲ್ಟಾ, ಖಾಲಿಗೆ 0, ತುಂಬಿದರೆ 90. ಅಂಥ ಗಾಡಿಯಲ್ಲಿ ವೈರ್ ಕಡಿದರೆ ಮುಳ್ಳು ತುಂಬಿದೆ ಅನ್ನುತ್ತದೆ, ಅದು ಇನ್ನೂ ಅಪಾಯ. ಬೇರೆ ಕಾರಿನ ಯೂನಿಟ್ ತಂದು ಹಾಕಿದರೆ ಮುಳ್ಳು ಸುಳ್ಳು ಹೇಳುವುದು ಇದಕ್ಕೇ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರೂ ಸರಿ, ಗುಜರಿಗೆ ಹೋದರೂ ಸರಿ, ಹಳೇ ಯೂನಿಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಮೊದಲು ಫ್ಯೂಸ್ ನೋಡಿ. ಎಂಜಿನ್ ಬಿಸಿಯ ಮುಳ್ಳೂ ಇದರ ಜೊತೆಗೇ ಕೆಟ್ಟಿದ್ದರೆ, ಟ್ಯಾಂಕಿನ ತಂಟೆಗೆ ಹೋಗಬೇಡಿ, ಎರಡಕ್ಕೂ ಕರೆಂಟು ಕೊಡುವ ಕಡೆ ತಪ್ಪಿದೆ. ಬರೀ ಪೆಟ್ರೋಲ್ ಮುಳ್ಳು ಸತ್ತಿದೆಯಾ? ಹಾಗಾದರೆ ಸೀಟು ಎತ್ತಿ. ಕೆಲವು ಗಾಡಿಗಳಲ್ಲಿ ಡಿಕ್ಕಿಯ ಮ್ಯಾಟ್ ಕೆಳಗೆ ಮುಚ್ಚಳ ಇರುತ್ತದೆ. ಗಾಡಿ ಬಯಲಲ್ಲಿ ನಿಂತಿರಲಿ, ಬೀಡಿ ಸಿಗರೇಟು ದೂರ ಇರಲಿ, ಟ್ಯಾಂಕಿನ ಬಾಯಿ ಮಾತ್ರ ಈಗಲೇ ತೆರೆಯಬೇಡಿ. ಯೂನಿಟ್‌ನಿಂದ ಮೀಟರಿಗೆ ಹೋಗುವ ವೈರ್ ಕಿತ್ತು, ಅದಕ್ಕೊಂದು ಸಣ್ಣ ಬಲ್ಬು ಸೇರಿಸಿ, ಬಲ್ಬಿನ ಇನ್ನೊಂದು ತುದಿಯನ್ನು ಟ್ಯಾಂಕಿನಿಂದ ದೂರದಲ್ಲಿ ಕಾರಿನ ಲೋಹದ ಮೈಗೆ ಹಿಡಿದು, ಆಮೇಲೆ ಕೀ ಆನ್ ಮಾಡಿಸಿ. ಬಲ್ಬಿಲ್ಲದೆ ನೇರವಾಗಿ ಹಿಡಿದರೆ ಮೀಟರ್ ಸುಟ್ಟುಹೋಗಬಹುದು. ಹಳೇ ಮೀಟರುಗಳಲ್ಲಿ ಒಳಗಿನ ಪಟ್ಟಿ ಬಿಸಿಯಾಗಿ ಬಾಗಿದರೇನೇ ಮುಳ್ಳು ಏಳುವುದು, ಅದಕ್ಕೇ ಒಂದು ಅರ್ಧ ನಿಮಿಷ ಕಾಯಿರಿ.

ನನ್ನದರಂಥ ಕಾರಿನಲ್ಲಿ ಮುಳ್ಳು ಎದ್ದರೆ ಮೀಟರೂ ಸರಿ, ವೈರೂ ಸರಿ. ನನ್ನ ಕಾರಿನಲ್ಲಿ ಎದ್ದಿತು. ಈ ಪರೀಕ್ಷೆ ಮೊದಲೇ ಮಾಡಿದ್ದರೆ ಹೊಸ ಮೀಟರಿನ ದುಡ್ಡು ಉಳಿಯುತ್ತಿತ್ತು, ಆ ಸಿಟ್ಟು ಇನ್ನೂ ಇಳಿದಿಲ್ಲ. ಆಮೇಲೆ ಆ ಹಿರಿಯರು ಕೀ ಆಫ್ ಮಾಡಿಸಿ, ವೈರ್ ವಾಪಸ್ ಹಾಕಿ, ಯೂನಿಟ್‌ನ ಲೋಹದ ತಟ್ಟೆಯಿಂದ ಕಾರಿನ ಮೈಗೆ ಬೇರೊಂದು ವೈರ್ ಕಟ್ಟಿ, ಮತ್ತೆ ಕೀ ಹಾಕಿ ಅಂದರು. ಮುಳ್ಳು ನಿಧಾನಕ್ಕೆ ಎದ್ದು ಅರ್ಧಕ್ಕೆ ನಿಂತಿತು! ಅರ್ತ್ ಬೋಲ್ಟ್ ತುಕ್ಕು ಹಿಡಿದಿತ್ತು, ಅಷ್ಟೇ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರು. ಟ್ಯಾಂಕಿಗೆ ಹೊಸದಾಗಿ ಪೇಂಟ್ ಹೊಡೆಸಿದ ಮೇಲೆ ಮೀಟರ್ ಸತ್ತರೂ ಕಾರಣ ಇದೇ ಇರಬಹುದು, ಬಣ್ಣದ ಮೇಲೆ ಬೋಲ್ಟ್ ಕೂತರೆ ಅರ್ತ್ ಸಿಗುವುದಿಲ್ಲ.

ಅರ್ತ್ ಸರಿಯಿದ್ದರೂ ಏಳದಿದ್ದರೆ ಯೂನಿಟ್ ಹೊರಗೆ ತೆಗೆಯಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮುಚ್ಚಳದ ಸುತ್ತಲಿನ ಧೂಳು ಒರೆಸಿ, ಆಮೇಲೆ ತೆಗೆಯಿರಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕುಲು ಸದ್ದು ಬಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ, ಇನ್ನೆಲ್ಲಿ ತೇಲೀತು? ಬೆಸುಗೆ ಗಿಸುಗೆ ಅಂತ ಹೋಗಬೇಡಿ, ಒಳಗೆ ಪೆಟ್ರೋಲ್ ಇರುತ್ತದೆ, ಹೊಸದು ಹಾಕಿ. ಮುಳ್ಳು ಒಂದೇ ಜಾಗದಲ್ಲಿ ಹಾರುತ್ತಿದ್ದರೆ ಪಟ್ಟಿ ಅಲ್ಲಿ ಸವೆದಿದೆ. ಎಂಪಿಎಫ್ಐ, ಅಂದರೆ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವ ಗಾಡಿಗಳಲ್ಲಿ ಇದೆಲ್ಲ ಸಾಮಾನ್ಯವಾಗಿ ಟ್ಯಾಂಕಿನೊಳಗಿನ ಪಂಪಿನ ಜೊತೆಗೇ ಇರುತ್ತದೆ, ಪೈಪಿನಲ್ಲಿ ಪ್ರೆಷರ್ ಬೇರೆ, ಅದನ್ನು ಗೊತ್ತಿದ್ದವರ ಕೈಗೇ ಬಿಡಿ.

ಈಗ ನಮ್ಮ ಮುಳ್ಳು ಸರಿಯಾಗಿದೆ. ಆದರೂ ಘಾಟಿ ರಸ್ತೆಗೆ ಮುಂಚೆ ಬಂಕ್ ಕಂಡ ಕೂಡಲೇ ನನ್ನ ಹೆಂಡತಿ, "ರೀ, ನಿಲ್ಲಿಸಿ" ಅನ್ನುತ್ತಾಳೆ. ಮುಳ್ಳು ಮುಕ್ಕಾಲು ತೋರಿಸುತ್ತಿದೆ ಕಣೇ ಅಂದರೆ, ಅದರ ಕಡೆ ನೋಡುವುದೂ ಇಲ್ಲ. ನಮಸ್ಕಾರ.