ಕೊಟ್ಟಿದ್ದಕ್ಕೆ ಕೂಲಿ ಬೇಡ

ಕೇಳುಗರಿಗೆ ನಮಸ್ಕಾರ. ಕ್ರಿಸ್‌ಮಸ್ ರಜೆ ಶುರುವಾಗಿದೆ. ಮಕ್ಕಳು ಮನೆ ತುಂಬ ಓಡಾಡುತ್ತಿದ್ದಾರೆ, ನಕ್ಷತ್ರದ ದೀಪ ತೂಗುಹಾಕಿ ಆಯಿತು, ಒಳಗೆ ಕೇಕಿನ ಗಡಿಬಿಡಿ. ಈ ಗಲಾಟೆಯ ನಡುವೆ ದೊಡ್ಡವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತೊಂದಿದೆ. ‘ಹಟ ಮಾಡದೆ ಜಾಣ ಮರಿಯಾಗಿರು, ಇಲ್ಲದಿದ್ದರೆ ಕ್ರಿಸ್‌ಮಸ್ ತಾತ ಏನೂ ತರೋದಿಲ್ಲ.’ ಕೈಮುಗಿದು ಕೇಳಿಕೊಳ್ಳುತ್ತೇನೆ, ಈ ವರ್ಷ ಆ ಮಾತನ್ನು ಬಿಟ್ಟುಬಿಡಿ. ಅದು ಒಳ್ಳೆಯತನ ಕಲಿಸುವುದಿಲ್ಲ, ವ್ಯಾಪಾರ ಕಲಿಸುತ್ತದೆ.

ಈ ತಾತನ ಮೂಲ ಯಾರು? 4ನೇ ಶತಮಾನದ ಸಂತ ನಿಕೋಲಸ್. ಈಗ ಟರ್ಕಿಗೆ ಸೇರಿರುವ ಮೈರಾ ಎಂಬ ಊರಿನ ಬಿಷಪ್. ಆತನ ಬಗ್ಗೆ ಒಂದು ಐತಿಹ್ಯ ಇದೆ. ಬಡವನೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ಮದುವೆ ಮಾಡಲು ಕಾಸಿಲ್ಲ. ನಿಕೋಲಸ್ ರಾತ್ರಿ ಹೊತ್ತು ಬಂದು, ಗುರುತು ಸಿಗದ ಹಾಗೆ, ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದನಂತೆ. ಆ ಹುಡುಗಿಯರು ಜಾಣೆಯರೋ ಹಟಮಾರಿಗಳೋ ಎಂದು ಅವನು ಮೊದಲು ವಿಚಾರಿಸಿಕೊಂಡ ಸುದ್ದಿ ಕಥೆಯಲ್ಲಿ ಎಲ್ಲೂ ಇಲ್ಲ. ಜಾಣತನದ ಲೆಕ್ಕದ ಪುಸ್ತಕವನ್ನು ಅವನ ಕೈಗೆ ಕೊಟ್ಟವರು ಆಮೇಲಿನವರು.

ಇವತ್ತು ನಾನು ಹೇಳಬೇಕಾದದ್ದು ಒಂದೇ. ಮಗು ಕೊಟ್ಟಿದ್ದಕ್ಕೆ ಕೂಲಿ ಕೊಡಬೇಡಿ.

ಯಾಕೆ ಅಂತೀರಾ? ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ನಡೆದ ಒಂದು ಪ್ರಯೋಗ ಕೇಳಿ. ಮಾಡಿದವರು ಮನಃಶಾಸ್ತ್ರಜ್ಞರಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಾಸೆಲೊ, ಪ್ರಕಟವಾದದ್ದು 2006ರಲ್ಲಿ. ಮಕ್ಕಳಿಗೆ ಬರೀ 18 ತಿಂಗಳು. ಮಾತು ಸರಿಯಾಗಿ ಬಂದಿಲ್ಲ, ನಡಿಗೆ ಇನ್ನೂ ತಟಪಟ. ಎದುರಿಗೆ ಅಪರಿಚಿತ ಒಬ್ಬ ಬಟ್ಟೆ ಒಣಹಾಕುತ್ತಿದ್ದಾನೆ. ಕೈಯಿಂದ ಕ್ಲಿಪ್ಪು ಜಾರಿ ಕೆಳಗೆ ಬೀಳುತ್ತದೆ. ಬಗ್ಗುತ್ತಾನೆ, ಎಟುಕುವುದಿಲ್ಲ. ‘ಎತ್ತಿಕೊಡು ಪುಟ್ಟ’ ಎಂದು ಅವನು ಅನ್ನುವುದಿಲ್ಲ. ಮಗು ತಾನಾಗಿ ಎದ್ದು, ಹೋಗಿ, ಎತ್ತಿ ಕೊಡುತ್ತದೆ! ಅದೇ ಮನುಷ್ಯ ಬೇಕೆಂದೇ ಕ್ಲಿಪ್ಪನ್ನು ಬಿಸಾಡಿದರೆ? ಮಕ್ಕಳು ಎತ್ತಿಕೊಡುವುದು ತೀರಾ ಕಡಿಮೆ. ಅಂದರೆ ಇದು ಬಿದ್ದದ್ದನ್ನೆಲ್ಲ ಎತ್ತುವ ಆಟ ಅಲ್ಲ, ಅವನಿಗೆ ಅದು ಬೇಕಾಗಿದೆ ಎಂಬುದು ಆ ಪುಟಾಣಿಗೆ ಗೊತ್ತಾಗಿದೆ. ಇನ್ನೊಂದು ಸಲ ಅವನು ಎರಡೂ ಕೈತುಂಬ ಪತ್ರಿಕೆ ಹೊತ್ತು ಬಂದು ಬೀರುವಿನ ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. ಮಗು ಹೋಗಿ ಬಾಗಿಲು ತೆಗೆಯುತ್ತದೆ. 24 ಮಕ್ಕಳಲ್ಲಿ 22 ಮಕ್ಕಳು ಒಂದಲ್ಲ ಒಂದು ಕೆಲಸದಲ್ಲಿ ನೆರವಾದವು. ಯಾರೂ ಹೇಳಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ.

ತಡೆಯಿರಿ, ಮುಖ್ಯವಾದದ್ದು ಮುಂದಿದೆ. 2008ರಲ್ಲಿ ಇವರೇ 20 ತಿಂಗಳ ಮಕ್ಕಳನ್ನು ಮೂರು ಗುಂಪು ಮಾಡಿದರು. ನೆರವಾದಾಗಲೆಲ್ಲ ಒಂದು ಗುಂಪಿಗೆ ಆಟಕ್ಕೆ ಬೇಕಾದ ಪುಟ್ಟ ಬ್ಲಾಕು ಬಹುಮಾನ. ಎರಡನೆಯದಕ್ಕೆ ಬಾಯಿಮಾತಿನ ಮೆಚ್ಚುಗೆ. ಮೂರನೆಯದಕ್ಕೆ ಏನೂ ಇಲ್ಲ. ಆಮೇಲೆ ಬಹುಮಾನ ನಿಲ್ಲಿಸಿ ನೋಡಿದರು. ಬಹುಮಾನ ತೆಗೆದುಕೊಂಡು ರೂಢಿಯಾದ ಮಕ್ಕಳೇ ಎಲ್ಲರಿಗಿಂತ ಕಡಿಮೆ ನೆರವಾದರು. ಏನೂ ಸಿಗದಿದ್ದ ಮಕ್ಕಳು ಮೊದಲಿನ ಹಾಗೇ ಓಡಿ ಓಡಿ ಎತ್ತಿಕೊಟ್ಟರು. ತಾನಾಗಿ ಬಂದಿದ್ದ ಗುಣವನ್ನು ನಾವು ದುಡ್ಡು ಕೊಟ್ಟು ಕೊಂಡುಕೊಂಡ ಹಾಗಾಯಿತು. ಆದ್ದರಿಂದ ಮತ್ತೆ ಹೇಳುತ್ತೇನೆ, ಕೊಟ್ಟಿದ್ದಕ್ಕೆ ಕೂಲಿ ಕೊಡಬೇಡಿ. ಚಾಕೊಲೇಟೂ ಬೇಡ, ಗೋಡೆಯ ಮೇಲೆ ನಕ್ಷತ್ರದ ಸ್ಟಿಕ್ಕರೂ ಬೇಡ.

ಈ ಕಥೆಗೇ ಸಮಯ ಹೋಯಿತು, ಇನ್ನು ಬೇಗ ಬೇಗ ಹೇಳುತ್ತೇನೆ. ಮಗುವಿನ ಕೈಯಿಂದಲೇ ಅದರ ಆಟಿಕೆಗಳನ್ನು ಬೇರೆ ಮಕ್ಕಳಿಗೆ ದಾನ ಕೊಡಿಸುವ ಕೆಲಸ ತೆಗೆದುಕೊಳ್ಳಿ. ಹಬ್ಬಕ್ಕೆ ಒಂದು ವಾರ ಇರುವಾಗ, ಮಗು ಉಂಡು, ನಿದ್ದೆ ಮಾಡಿ ಎದ್ದಿರುವ ಹೊತ್ತಿನಲ್ಲಿ ಕೂರಿ. ಹಸಿದ ಮಗುವಿನ ಹತ್ತಿರ ಉದಾರತೆ ಕೇಳಬಾರದು. ತುಂಬ ಪ್ರೀತಿಯ ಒಂದೆರಡು ಗೊಂಬೆಗಳನ್ನು ಮೊದಲೇ ಎತ್ತಿಟ್ಟು, ‘ಇವು ನಿನ್ನವೇ, ಇವನ್ನು ಯಾರೂ ಕೇಳೋದಿಲ್ಲ’ ಎನ್ನಿ. ಉಳಿದದ್ದನ್ನೆಲ್ಲ ಸುರಿದರೆ ಮಗು ಆಟಕ್ಕೆ ಕೂತುಬಿಡುತ್ತದೆ. ಹತ್ತು ಆಟಿಕೆ ಮಾತ್ರ ಹರವಿ, ಕೊಡೋಣವೇ, ಯಾವುದನ್ನು ಕೊಡೋಣ ಎಂದು ಕೇಳಿ. ಕೊಡುವುದಿಲ್ಲ ಅಂದರೆ ‘ಸರಿ’ ಎನ್ನಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಬಲವಂತದಿಂದ ಕೊಟ್ಟ ಮಗುವಿಗಿಂತ, ಕೊಡಲೂಬಹುದು ಇಟ್ಟುಕೊಳ್ಳಲೂಬಹುದು ಎಂದಿದ್ದಾಗ ತಾನೇ ಕೊಟ್ಟ ಮಗು ಮುಂದಿನ ಸಲ ಹೆಚ್ಚು ಹಂಚಿಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ 2013ರ ಅಧ್ಯಯನ ಇದನ್ನು ತೋರಿಸಿತು. ಮಗು ಶಾಲೆಗೆ ಹೋದಾಗ ಕದ್ದು ಸಾಗಿಸುವುದಂತೂ ಬೇಡವೇ ಬೇಡ. ಅಂಥ ಮಗು ಮಾರನೆಯ ದಿನದಿಂದ ಎಲ್ಲವನ್ನೂ ಹಾಸಿಗೆ ಕೆಳಗೆ ಬಚ್ಚಿಡಲು ಕಲಿಯುತ್ತದೆ.

ಆರಿಸಿದ ಆಟಿಕೆಯನ್ನು ಮಗುವಿನ ಜೊತೆ ಕೂತೇ ಸರಿಮಾಡಿ. ಜೋಡಿಸುವ ಆಟವಾದರೆ ತುಂಡುಗಳನ್ನು ಎಣಿಸಿ. ಬಟ್ಟೆಯ ಗೊಂಬೆ ಒಗೆದು ಬಿಸಿಲಿಗೆ ಹಾಕಿ, ಒಳಗಿನ ಹತ್ತಿ ಪೂರ್ತಿ ಒಣಗದಿದ್ದರೆ ಬೂಸಲು ಬರುತ್ತದೆ. ಬ್ಯಾಟರಿ ಸೋರಿದೆಯೇ ನೋಡಿ. ಬಾಯಿಗೆ ಹೋಗುವಷ್ಟು ಸಣ್ಣ ತುಂಡುಗಳಿದ್ದರೆ 3 ವರ್ಷದೊಳಗಿನ ಮಕ್ಕಳಿಗೆ ಅದು ಹೋಗಬಾರದು. ಚಕ್ರ ಮುರಿದ ಕಾರನ್ನು ಚೀಲಕ್ಕೆ ಹಾಕಬೇಡಿ. ದಾನ ಅಂದರೆ ಮನೆಯ ಕಸ ಖಾಲಿ ಮಾಡುವುದು ಎಂದು ಮಗು ತಿಳಿದುಕೊಳ್ಳುತ್ತದೆ. ಆಟಿಕೆ ಕೊಡುವ ಜಾಗಕ್ಕೆ ಹೋಗುವ ಮೊದಲು ಫೋನ್ ಮಾಡಿ ಅಲ್ಲಿ ಏನು ಬೇಕು ಎಂದು ಕೇಳಿ. ಚೀಲ ಮಗುವಿನ ಕೈಯಲ್ಲೇ ಇರಲಿ. ಆಮೇಲೆ ಮೊಬೈಲ್ ಜೇಬಿನಲ್ಲೇ ಇರಲಿ, ದಯವಿಟ್ಟು! ಫೋಟೊ ಕೂಡ ಕೂಲಿಯೇ. ತೆಗೆದುಕೊಳ್ಳುವ ಮಗುವಿಗೆ ಅದು ಅವಮಾನ ಬೇರೆ.

ಹಾಗಾದರೆ ಮಗುವಿಗೆ ಏನೂ ಹೇಳಬಾರದೇ? ಹೇಳಿ. ‘ನೀನು ಎಷ್ಟು ಒಳ್ಳೆಯವನು’ ಎಂದು ಹೊಗಳುವ ಬದಲು, ‘ಗಾಡಿ ಕೊಟ್ಟಾಗ ಆ ಪುಟ್ಟಿ ಹೇಗೆ ನಕ್ಕಳು ನೋಡಿದೆಯಾ?’ ಎನ್ನಿ. ಕಣ್ಣು ತನ್ನ ಮೇಲಿಂದ ಆ ಕಡೆಗೆ ಹೊರಳಬೇಕು.

ಉಡುಗೊರೆ ಆರಿಸುವಾಗ ಮೂರು, ನಾಲ್ಕು ವರ್ಷದ ಮಗು ಅಜ್ಜಿಗೆ ಆಟದ ಕಾರು ತರೋಣ ಎನ್ನಬಹುದು. ನಗಬೇಡಿ, ಆ ವಯಸ್ಸಿನಲ್ಲಿ ತನಗೆ ಇಷ್ಟವಾದದ್ದೇ ಮೊದಲು ಹೊಳೆಯಬಹುದು. ‘ಅಜ್ಜಿ ಬೆಳಗಿಂದ ಏನೇನು ಮಾಡ್ತಾರೆ?’ ಎಂದು ಕೇಳಿ, ಕನ್ನಡಕದ ಡಬ್ಬಿ ತಾನಾಗಿ ಹೊಳೆಯುತ್ತದೆ. ಎಂಟು ದಾಟಿದ ಮಕ್ಕಳಿಗೆ ನಿಮ್ಮ ನೋಟನ್ನು ಕೈಗಿಟ್ಟು ಕಾಣಿಕೆ ಡಬ್ಬಿಗೆ ಹಾಕಿಸಬೇಡಿ. ಅದು ನಿಮ್ಮ ದಾನ, ಅವರದಲ್ಲ. ಅವರ ಉಳಿತಾಯದ ಡಬ್ಬಿಯಿಂದ, ಅವರೇ ಹೇಳಿದಷ್ಟು. ನಾಲ್ಕು ನಾಣ್ಯವಾದರೂ ಸರಿ.

ಇನ್ನು ಕೇಕು. ಅಕ್ಕಪಕ್ಕದ ಮನೆಗೆ ತಟ್ಟೆ ಕೊಡುವ ಕೆಲಸ ಮಗುವಿನದೇ ಆಗಲಿ. ಗಾಜಿನ ತಟ್ಟೆ ಬೇಡ, ಮುಚ್ಚಳ ಬಿಗಿಯಾಗಿರುವ ಡಬ್ಬಿ ಕೊಡಿ. ತುಂಡುಗಳನ್ನು ಎಣಿಸಿ ಹಾಕುವುದೂ ಅದೇ ಮಾಡಲಿ, ಪುಡಿಯಾದದ್ದು ನಮಗೆ, ಚೆನ್ನಾಗಿರುವುದು ಅವರಿಗೆ. ದಾರಿಯಲ್ಲಿ ಬೀಳಿಸಿದರೆ ಬೈದು ಅಕ್ಕನನ್ನು ಕಳಿಸಬೇಡಿ. ಡಬ್ಬಿ ಒರೆಸಿ, ಮತ್ತೆ ತುಂಬಿ, ಅದೇ ಮಗುವಿನ ಕೈಗೆ ಕೊಟ್ಟು ಕಳಿಸಿ. ನಮಸ್ಕಾರ.