ಹೊಳೆ ಎಷ್ಟೇ ಸೆಳೆದರೂ ಕಲ್ಲು ಬಿಡದ ಮೀನು

[ದೃಶ್ಯ: ಹರಿಹರದ ಸೇತುವೆ, ಕೆಳಗೆ ತುಂಗಭದ್ರಾ]

ನಮಸ್ಕಾರ. ಹರಿಹರದ ಸೇತುವೆ ಮೇಲೆ ನಿಂತಿದ್ದೇನೆ. ಇಲ್ಲಿ ಹೊಳೆ ಅಗಲ, ಹರಿವು ನಿಧಾನ. ಆದರೆ ಇದೇ ನೀರು ಮೇಲ್ಗಡೆ, ತೀರ್ಥಹಳ್ಳಿ ಕಡೆ ತುಂಗೆಯಾಗಿದ್ದಾಗ ಬಂಡೆಗಳ ಸಂದಿಯಲ್ಲಿ ಧುಮುಕುತ್ತಾ ಬಂದಿರುತ್ತದೆ. ಅಲ್ಲಿ ಕಾಲಿಟ್ಟರೆ ಸೆಳೆದುಬಿಡುತ್ತದೆ. ಅಂಥ ಸೆಳವಿನಲ್ಲೂ ಬೆರಳುದ್ದದ ಒಂದು ಮೀನು ಕಲ್ಲಿನ ಮೇಲೆ ಸುಮ್ನೆ ಕೂತಿರುತ್ತದೆ. ಕೊಚ್ಚಿಹೋಗುವುದಿಲ್ಲ. ಹೇಗೆ?

ಈ ಮೀನಿನ ಕುಲದ ಹೆಸರು ಗಾರಾ. ನಮ್ಮ ಕಾಟ್ಲಾ, ರೋಹು ಇವೆಯಲ್ಲ, ಅದೇ ಗೆಂಡೆ ಬಳಗ. ಆಫ್ರಿಕಾದಿಂದ ಆಗ್ನೇಯ ಏಷ್ಯಾದವರೆಗೆ ನೂರಕ್ಕೂ ಜಾಸ್ತಿ ಜಾತಿಗಳಿವೆ. ಮಾಲ್‌ಗಳಲ್ಲಿ ತೊಟ್ಟಿಗೆ ಕಾಲಿಟ್ಟರೆ ಬಂದು ಕಚಗುಳಿ ಇಡುತ್ತವಲ್ಲ, ಅವೂ ಇದರ ದಾಯಾದಿಗಳೇ. ಅವುಗಳ ಊರು ಟರ್ಕಿ, ಇರಾಕ್ ಕಡೆ.

[ದೃಶ್ಯ: ಗಾಜಿನ ತೊಟ್ಟಿ, ಕೆಳಗಿನಿಂದ ಮೀನಿನ ಹೊಟ್ಟೆ]

ಹೊಟ್ಟೆ ಕಡೆಯಿಂದ ನೋಡಿ. ಬಾಯಿ ಮುಂದಕ್ಕಿಲ್ಲ, ತಲೆಯ ಅಡಿಗಿದೆ. ಅದರ ಹಿಂದೆ, ಗದ್ದದ ಜಾಗದಲ್ಲಿ, ದುಂಡನೆಯ ಬಿಲ್ಲೆ. ನಡುವೆ ಮೆತ್ತನೆಯ ಮಾಂಸ, ಹಿಂದೆ ತೆಳುವಾದ ಅಂಚು. ಬಚ್ಚಲಿನ ಟೈಲ್ಸ್‌ಗೆ ಅಂಟಿಸುವ ರಬ್ಬರ್ ಹುಕ್ ಗೊತ್ತಲ್ಲ? ಒದ್ದೆ ಮಾಡಿ ಒತ್ತಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಇದೂ ಹಾಗೇ. ಜೊತೆಗೆ ಎದೆಯ ಈಜುರೆಕ್ಕೆಗಳು ಎರಡೂ ಕಡೆ ಅಂಗೈ ಊರಿದ ಹಾಗೆ ಹರಡಿಕೊಳ್ಳುತ್ತವೆ. ಬೇರೆ ಮೀನುಗಳನ್ನು ತೇಲಿಸುವ ಗಾಳಿಚೀಲ ಇದರಲ್ಲಿ ಚಿಕ್ಕದು. ತಳದಲ್ಲೇ ಬಾಳುವ ಮೀನು ತೇಲಿ ಏನು ಮಾಡಬೇಕು, ಅಲ್ವಾ?

[ದೃಶ್ಯ: ದಾವಣಗೆರೆ ಹತ್ತಿರ ಭದ್ರಾ ನಾಲೆ]

ಇನ್ನೊಂದು ಗುಟ್ಟು ನೀರಿನಲ್ಲೇ ಇದೆ. ನಾಲೆಯ ನಡುವೆ ಬಿದ್ದ ಹುಲ್ಲುಕಡ್ಡಿ ಓಡುತ್ತದೆ. ಅಂಚಿಗೆ ಬಿದ್ದದ್ದು ತೆವಳುತ್ತದೆ. ಗೋಡೆಗೆ ಉಜ್ಜಿಕೊಂಡು ಹೋಗುವ ನೀರಿಗೆ ವೇಗ ಕಡಿಮೆ. ಹೊಳೆಯ ಕಲ್ಲಿನ ಮೈಗೆ ತಾಗಿದ ನೀರಿನ ಕಥೆಯೂ ಅಷ್ಟೇ. ಚಪ್ಪಟೆ ಹೊಟ್ಟೆಯ ಈ ಮೀನು ಆ ನಿಧಾನದ ಪದರಕ್ಕೆ ಮೈ ಒತ್ತಿ ಮಲಗುತ್ತದೆ.

ತುಂಗೆಗೆ ತನ್ನದೇ ಒಂದು ಗಾರಾ ಇದೆ: ಗಾರಾ ಬೈಕಾರ್ನುಟಾ, ಅಂದರೆ ಎರಡು ಕೊಂಬಿನದು. ಮೂತಿಯ ಮೇಲೆ ಕೊಂಬಿನಂಥ ಗುಬುಟುಗಳಿವೆ. 1920ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್. ಕಪ್ಪೆಗಳ ಅಧ್ಯಯನಕ್ಕೂ ಹೆಸರಾದವರು. ನಮ್ಮ ಹೊಳೆಯ ಮೀನನ್ನು ನಮ್ಮವರೇ ಗುರುತಿಸಿದರು ಅನ್ನುವುದು ನನಗೆ ತುಂಬಾ ಖುಷಿಯ ವಿಷಯ.

ಇಷ್ಟು ಕಷ್ಟಪಟ್ಟು ಸೆಳವಿನಲ್ಲೇ ಯಾಕಿರಬೇಕು? ಊಟ ಅಲ್ಲಿದೆ. ತಿಳಿನೀರಿನಲ್ಲಿ ಬಿಸಿಲು ತಳದ ಕಲ್ಲಿಗೂ ಬೀಳುತ್ತದೆ, ಪಾಚಿ ಬೆಳೆಯುತ್ತದೆ. ಮೀನು ಅದನ್ನು ತುಟಿಯಿಂದ ಕೆರೆದು ತಿನ್ನುತ್ತದೆ. ಬಂಡೆಗೆ ಬಡಿದು ನೊರೆಯಾಗುವ ನೀರಿನಲ್ಲಿ ಆಮ್ಲಜನಕವೂ ಜಾಸ್ತಿ.

ಹೊಳೆಯಲ್ಲಿ ಮರಳು ಬಗೆಯುವುದನ್ನು ಕಂಡರೆ ನನಗೆ ಕರುಳು ಚುರುಕ್ ಅನ್ನುವುದು ಇದಕ್ಕೇ. ಎದ್ದ ಕೆಸರು ಕೆಳಗಿನ ಕಲ್ಲುಗಳ ಮೇಲೆ ಕೂರುತ್ತದೆ. ಬಿಸಿಲು ತಾಗದೆ ಪಾಚಿ ಸಾಯುತ್ತದೆ. ಬಿಲ್ಲೆಗೂ ಹಿಡಿತ ಸಿಗುವುದಿಲ್ಲ. ಒದ್ದೆ ಹುಕ್ ಟೈಲ್ಸ್‌ಗೆ ಅಂಟುತ್ತದೆ, ಮಣ್ಣು ಮೆತ್ತಿದ ಗೋಡೆಗೆ ಅಂಟುತ್ತದಾ? ಹೊಳೆಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದಾಗಲೂ ಹೂಳು ಹೀಗೇ ಕಲ್ಲು ಮುಚ್ಚುತ್ತದೆ.

[ದೃಶ್ಯ: ತುಂಗೆಯ ತಿಳಿನೀರು, ಪಾಚಿ ಹಿಡಿದ ಒಂದು ಕಲ್ಲು]

ಮಲೆನಾಡಿನ ಕಡೆ ಹೋದಾಗ, ನೀರು ಇಳಿದ ಕಾಲದಲ್ಲಿ, ದಡದಿಂದಲೇ ಇಂಥ ಕಲ್ಲು ಹುಡುಕಿ. ಹಸಿರು ಪಾಚಿಯ ಮೇಲೆ ಬೆರಳಲ್ಲಿ ಒರೆಸಿದ ಹಾಗೆ ಸಣ್ಣ ಸಣ್ಣ ಬೋಳು ಗುರುತು ಕಂಡರೆ ನೆರಳು ಬೀಳಿಸದೆ ಕಾಯಿರಿ. ಬಾಲ ಮೊದಲು ಕಾಣುತ್ತದೆ.